ಹೊಸ್ತಿಲಲ್ಲಿ ನಿಂತ ಕಾಲು

ಲಂಡನ್ ನಗರದ ಅಂಚಿನ ಹಾಕ್ಸ್‌ಟನ್ ಎಂಬಲ್ಲಿ ಹುಟ್ಟಿ, ತಂದೆಯ ವೈದ್ಯವೃತ್ತಿಯನ್ನೇ ಅಲ್ಲಿ ಮುಂದುವರಿಸಿದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ 66 ಪುಟಗಳ ಒಂದು ಕಿರುಹೊತ್ತಿಗೆಯನ್ನು ಪ್ರಕಟಿಸಿದ. ಅದರಲ್ಲಿ ಆತ ವರ್ಣಿಸಿದ್ದು ಆರೇ ಆರು ಮಂದಿಯನ್ನು. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಇನ್ನೊಬ್ಬನನ್ನಂತೂ ಆತ ದೂರದಿಂದ ನೋಡಿದ್ದಷ್ಟೇ. ಮುಂದಕ್ಕೆ ಬಾಗಿದ ಮೈ, ಸುಮ್ಮನಿದ್ದಾಗಲೂ ನಡುಗುವ ಕೈ, ನಡೆಯಲು ಹೊರಟರೆ ಓಟಕ್ಕೆ ತಿರುಗುವ ಹೆಜ್ಜೆ: ಇವನ್ನೆಲ್ಲ ಬೀದಿಯಲ್ಲಿ ನಿಂತು ನೋಡಿಯೇ ಗುರುತಿಸಬಹುದಿತ್ತು. ನೂರಾರು ವೈದ್ಯರ ಕಣ್ಣೆದುರು ಇಂಥವರು ಹಾದುಹೋಗಿದ್ದರು. ಇವರೆಲ್ಲರದೂ ಒಂದೇ ಕಾಯಿಲೆ ಎಂದು ಎಣಿಸಿದ್ದು ಪಾರ್ಕಿನ್ಸನ್ನನ ಹೆಚ್ಚುಗಾರಿಕೆ.

ಆತ ಸ್ವಾರಸ್ಯದ ಮನುಷ್ಯ. ಪಳೆಯುಳಿಕೆಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು. ಸುಳ್ಳು ಹೆಸರಿನಲ್ಲಿ ಸರ್ಕಾರವನ್ನು ಟೀಕಿಸುವ ಕರಪತ್ರಗಳನ್ನು ಹೊರಡಿಸಿದವನು. ದೊರೆಯನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆಯೆಂಬ 1794ರ ಪ್ರಕರಣದಲ್ಲಿ ವಿಚಾರಣೆಗೆ ಒಳಗಾದವನು. ಆತನ ಒಂದು ಭಾವಚಿತ್ರವೂ ಉಳಿದುಬಂದಿಲ್ಲ. 1755ರ ಏಪ್ರಿಲ್ 11ರ ಆತನ ಹುಟ್ಟಿದ ದಿನವೇ ಈಗ ಜಗತ್ತಿನಾದ್ಯಂತ ಈ ಕಾಯಿಲೆಯ ದಿನವಾಗಿದೆ.

ಪಾರ್ಕಿನ್ಸನ್ ಈ ರೋಗವನ್ನು ಕರೆದದ್ದು ನಡುಗುವ ಪಾರ್ಶ್ವವಾಯು ಎಂಬ ಅರ್ಥದ ಹೆಸರಿನಿಂದ. ಕನ್ನಡದಲ್ಲಿಯೂ ಇದಕ್ಕೆ ಅದುರುವಾಯು ಎಂಬ ಮಾತಿದೆ. ವೈದ್ಯ ಪಂಡಿತರು ಕಂಪವಾತ ಎನ್ನುತ್ತಾರೆ. ಸರ್ವಾಂಗ ಮತ್ತು ತಲೆಯ ನಡುಕಕ್ಕೆ ಮಾಧವನಿದಾನದಲ್ಲಿ 'ವೇಪಥು' ಎಂಬ ಹೆಸರಿದೆ. ಎಲ್ಲ ಹೆಸರುಗಳೂ ಎದ್ದು ಕಾಣುವ ನಡುಕವನ್ನೇ ಹಿಡಿದಿವೆ. ಐವತ್ತು ವರ್ಷಗಳ ತರುವಾಯ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಷಾರ್ಕೋ ಈ ಹೆಸರನ್ನು ಆಕ್ಷೇಪಿಸಿದ. ರೋಗಿಗಳೆಲ್ಲರೂ ನಡುಗುವುದಿಲ್ಲ, ಅವರ ಸ್ನಾಯುಗಳಲ್ಲಿ ಬಲವೂ ಕುಂದಿಲ್ಲ. ಹೀಗಿರುವಾಗ ನಡುಕವೆಂದೂ ಪಾರ್ಶ್ವವಾಯುವೆಂದೂ ಕರೆಯುವುದು ಹೇಗೆ? ಇದನ್ನು ಪಾರ್ಕಿನ್ಸನ್ನನ ಕಾಯಿಲೆ ಎಂದೇ ಕರೆಯೋಣ ಎಂದವನು ಆತನೇ.

ಷಾರ್ಕೋ ಎತ್ತಿದ ಆಕ್ಷೇಪ ಬರಿಯ ಹೆಸರಿಗೆ ಸೇರಿದ್ದಲ್ಲ. ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಅದರಲ್ಲಿದೆ. ಬಲವಿದ್ದೂ ಕೆಲಸ ಆಗುವುದಿಲ್ಲ ಎಂದರೇನು?

ನಡುಮಿದುಳಿನಲ್ಲಿ ಕಪ್ಪು ಛಾಯೆಯ ಒಂದು ಪುಟ್ಟ ಪ್ರದೇಶವಿದೆ. ಅಲ್ಲಿನ ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಈ ಕೋಶಗಳು ಒಂದೊಂದಾಗಿ ಸಾಯುತ್ತ, ಅರ್ಧಕ್ಕಿಂತ ಹೆಚ್ಚು ಡೋಪಮೀನ್ ಇಲ್ಲವಾದ ಮೇಲೆ ಕಾಯಿಲೆ ಹೊರಗೆ ಕಾಣಿಸುತ್ತದೆ. ಏಕೆ ಸಾಯುತ್ತವೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ದೊರೆತಿಲ್ಲ. ಏನು ಕಳೆದುಹೋಗುತ್ತದೆ ಎಂಬುದು ಮಾತ್ರ ಸ್ಪಷ್ಟ: ರೂಢಿ. ಅಂಗಿಯ ಗುಂಡಿ ಹಾಕುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ನಡೆಯುವಾಗ ಕೈ ಬೀಸುವುದು, ಉಗುಳು ನುಂಗುವುದು, ನಗುವವರನ್ನು ಕಂಡು ನಗುವುದು ಇವನ್ನೆಲ್ಲ ಯಾರೂ ಯೋಚಿಸಿ ಮಾಡುವುದಿಲ್ಲ. ಬಾಲ್ಯದಲ್ಲಿ ಕಲಿತ ಮೇಲೆ ಅವು ತಾವಾಗಿಯೇ ನಡೆಯುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾಳಾಗುವುದು ಈ 'ತಾನಾಗಿ'. ಮನಸ್ಸಿಟ್ಟು ಮಾಡಿದರೆ ಅದೇ ಕೆಲಸ ಬಹುಮಟ್ಟಿಗೆ ಸಾಧ್ಯವಾಗುತ್ತದೆ. ಆದರೆ ಪ್ರತಿಯೊಂದು ಗುಂಡಿಗೂ ಮನಸ್ಸಿಡಬೇಕೆಂದರೆ ಎಷ್ಟು ಹೊತ್ತು ಬೇಕು, ಎಷ್ಟು ಆಯಾಸವಾಗುತ್ತದೆ!

ಮನೆಮಂದಿಗೆ ಇದು ಕಾಣುವ ಬಗೆ ಬೇರೆ. ಅರವತ್ತು ದಾಟಿದ ಹಿರಿಯರು ನಿಧಾನವಾದರೆ ವಯಸ್ಸಾಯಿತು ಎನ್ನುತ್ತಾರೆ. ನಿನ್ನೆ ಸಂಜೆ ಬಾಗಿಲತನಕ ಸಲೀಸಾಗಿ ನಡೆದವರು ಇಂದು ಬೆಳಿಗ್ಗೆ ಕುರ್ಚಿಯಿಂದ ಏಳಲಾರದೆ ಕುಳಿತಿದ್ದರೆ ಹಟ ಎನ್ನುತ್ತಾರೆ. ಮುಖದ ಸ್ನಾಯುಗಳು ಬಿಗಿದು ಭಾವ ತೋರದಿದ್ದರೆ, "ಯಾಕಪ್ಪಾ, ನನ್ನ ಮೇಲೆ ಕೋಪವೇ?" ಎಂದು ಸೊಸೆ ಕೇಳುತ್ತಾಳೆ. ಕೋಪ ಇರುವುದಿಲ್ಲ. ಮುಖ ಮಾತು ಕೇಳುವುದಿಲ್ಲ, ಅಷ್ಟೇ. ಈ ಕಾಯಿಲೆಯಿಂದ ಮನೆಯಲ್ಲಿ ಹುಟ್ಟುವ ದುಃಖದಲ್ಲಿ ಒಂದು ದೊಡ್ಡ ಪಾಲು ಹೀಗೆ ತಪ್ಪಾಗಿ ಓದಿಕೊಂಡದ್ದರಿಂದಲೇ ಬರುತ್ತದೆ. ಹತ್ತರಲ್ಲಿ ಒಬ್ಬರಿಗೆ ಐವತ್ತಕ್ಕೆ ಮೊದಲೇ ಕಾಯಿಲೆ ಶುರುವಾಗುತ್ತದೆ. ಅವರಿಗೆ ವಯಸ್ಸಿನ ನೆಪವೂ ಸಿಗದು, ಸೋಮಾರಿತನದ ಆರೋಪವೇ ಗತಿ.

ಈ ರೋಗದ ವಿಚಿತ್ರಗಳಲ್ಲೆಲ್ಲ ವಿಚಿತ್ರವಾದದ್ದು ಕಾಲು ನೆಲಕ್ಕೆ ಅಂಟಿಕೊಳ್ಳುವುದು. ಹಜಾರದಲ್ಲಿ ಸರಾಗವಾಗಿ ನಡೆದು ಬಂದವರು ಕೋಣೆಯ ಬಾಗಿಲ ಬಳಿ ತಟಕ್ಕನೆ ನಿಂತುಬಿಡುತ್ತಾರೆ. ಮೈ ಮುಂದಕ್ಕೆ ಹೋಗುತ್ತದೆ, ಪಾದ ಮೇಲೇಳುವುದಿಲ್ಲ. ಇಕ್ಕಟ್ಟಾದ ಬಾಗಿಲು, ತಿರುವು, ಜನಜಂಗುಳಿ, ಟೆಲಿಫೋನಿನ ಗಂಟೆ, "ಬೇಗ ಬನ್ನಿ" ಎಂಬ ಕೂಗು ಇವು ಇದನ್ನು ಹೆಚ್ಚಿಸುತ್ತವೆ. ಆಗ ಮನೆಯವರು ಸಹಜವಾಗಿ ಮಾಡುವ ಕೆಲಸವೆಂದರೆ ಕೈ ಹಿಡಿದು ಎಳೆಯುವುದು. ಮಾಡಬಾರದ ಕೆಲಸವೂ ಅದೇ. ಪಾದ ನಿಂತಲ್ಲೇ ಇದ್ದು ಮೈಯನ್ನು ಎಳೆದರೆ ಬೀಳುವುದು ಖಂಡಿತ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ.

ಬೇಕಾದದ್ದು ಎಳೆತವಲ್ಲ, ಕಣ್ಣಿಗೊಂದು ಗುರುತು. ನೆಲದ ಮೇಲೆ ಅಡ್ಡವಾಗಿ ಒಂದು ಗೆರೆ ಎಳೆದು "ಇದನ್ನು ದಾಟಿ" ಎಂದರೆ ನೆಟ್ಟು ನಿಂತ ಕಾಲು ಎದ್ದುಬರುತ್ತದೆ! ಇಂಗ್ಲೆಂಡಿನ ನರರೋಗ ವೈದ್ಯ ಪರ್ಡನ್ ಮಾರ್ಟಿನ್ 1967ರ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದ. ರೂಢಿಯ ದಾರಿ ಕೆಟ್ಟಿರುವುದರಿಂದ ಮಿದುಳು ಕಣ್ಣಿನ ದಾರಿಯನ್ನು ಬಳಸಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಪುಣೆಯ ಮಿಲೆಹಾ ಸೋನೆಜಿ ಎಂಬ ವಿನ್ಯಾಸಕಿ ತಮ್ಮ ಹತ್ತಿರದ ಹಿರಿಯರೊಬ್ಬರಿಗಾಗಿ ಮಾಡಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಆ ಹಿರಿಯರು ಸಮತಟ್ಟಾದ ನೆಲದಲ್ಲಿ ಹೆಜ್ಜೆ ಇಡಲಾರರು, ಮೆಟ್ಟಿಲನ್ನಾದರೆ ಲೀಲಾಜಾಲವಾಗಿ ಇಳಿಯುತ್ತಿದ್ದರು. ಸೋನೆಜಿ ಮನೆಯ ನೆಲಕ್ಕೆ ಮೆಟ್ಟಿಲುಗಳಂತೆ ಕಾಣುವ ಚಿತ್ರವನ್ನು ಅಂಟಿಸಿದರು. ಅದರ ಮೇಲೆ ಅವರು ನಿಲ್ಲದೆ ನಡೆದರು. ಹಾಲೆಂಡಿನ ವೈದ್ಯರು 2010ರಲ್ಲಿ ವರದಿ ಮಾಡಿದ ರೋಗಿಯೊಬ್ಬ ನಾಲ್ಕು ಹೆಜ್ಜೆ ನಡೆಯಲಾರದವನು, ಆದರೆ ಸೈಕಲ್ ಹತ್ತಿಸಿದರೆ ಯಾವ ತೊಡಕೂ ಇಲ್ಲದೆ ತುಳಿದುಕೊಂಡು ಹೋಗುತ್ತಿದ್ದ.

ನಮ್ಮ ಹಳೆಯ ಮನೆಗಳಿಗೆ ಇದನ್ನು ಹೊಂದಿಸಿ ನೋಡಬಹುದು. ಹೊಸ್ತಿಲಿಗೆ ಅರಿಶಿನ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ರಂಗೋಲಿಯ ಗೆರೆ ಹಾಕುವ ಪದ್ಧತಿ ಇದ್ದೇ ಇದೆ. ಎದ್ದು ಕಾಣುವ ಹೊಸ್ತಿಲನ್ನು ದಾಟುವ ಹಿರಿಯರು, ಹೊಸ ಫ್ಲಾಟಿನಲ್ಲಿ ಹೊಸ್ತಿಲೇ ಇಲ್ಲದ ನುಣ್ಣನೆಯ ಟೈಲ್ಸ್ ನೆಲದ ಬಾಗಿಲಲ್ಲಿ ಸಿಕ್ಕಿಕೊಳ್ಳಬಹುದು. ಹೀಗೆಂದು ಎಲ್ಲರಿಗೂ ಹೊಸ್ತಿಲು ಒಳ್ಳೆಯದೆಂದು ತಿಳಿಯಬಾರದು. ಪಾದ ಎಳೆದುಕೊಂಡು ನಡೆಯುವವರು ಅದನ್ನೇ ಎಡವುತ್ತಾರೆ. ಯಾರಿಗೆ ಯಾವುದು ಎಂಬುದನ್ನು ಆ ಮನೆಯಲ್ಲಿಯೇ, ಆ ಬಾಗಿಲಲ್ಲಿಯೇ ನೋಡಿ ತಿಳಿಯಬೇಕು. ಬಣ್ಣದ ಅಂಟುಪಟ್ಟಿಯನ್ನು ಒಂದು ಹೆಜ್ಜೆಯಷ್ಟು ದೂರಕ್ಕೊಂದರಂತೆ ನಾಲ್ಕು ಕಡೆ ಹಚ್ಚಿದರೆ ಪರೀಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು. ಒದ್ದೆಯಾದ ನೆಲ, ಮಡಚಿಕೊಳ್ಳುವ ಕಾಲೊರಸು, ಓಡಾಡುವ ದಾರಿಯಲ್ಲಿಟ್ಟ ಮಣೆ ಇವು ಮಾತ್ರ ಯಾರಿಗೂ ಬೇಡ.

ಕಿವಿಯೂ ಕಣ್ಣಿನಂತೆಯೇ ನೆರವಾಗುತ್ತದೆ. ಒಂದು, ಎರಡು ಎಂದು ಎಣಿಸಿದರೆ, ತೊಡೆಯ ಮೇಲೆ ತಾಳ ಹಾಕಿದರೆ, ಪರಿಚಿತವಾದ ಹಾಡೊಂದರ ಲಯ ಹಿಡಿದರೆ ಹೆಜ್ಜೆ ಉದ್ದವಾಗುತ್ತದೆ. ಸಂಗೀತ, ಕೋಲಾಟ, ಭಜನೆಗಳ ಅಭ್ಯಾಸವಿದ್ದವರಿಗೆ ಈ ಕೆಲಸಕ್ಕೆ ಬೇರೆ ಉಪಕರಣ ಬೇಡ. ನಡೆಯುತ್ತಿರುವವರನ್ನು ಮಾತನಾಡಿಸದಿರುವುದೂ ಆರೈಕೆಯ ಒಂದು ಭಾಗವೇ. ಹೆಜ್ಜೆಯ ಮೇಲಿದ್ದ ಮನಸ್ಸು ಮಾತಿನ ಕಡೆ ಹೋದ ಕ್ಷಣ ಕಾಲು ನಿಲ್ಲುತ್ತದೆ. ಕೇಳಬೇಕಾದ್ದನ್ನು ಅವರು ಕುಳಿತ ಮೇಲೆ ಕೇಳಿದರೆ ನಷ್ಟವೇನು?

ಇನ್ನು ಔಷಧದ ಕಥೆ. ಅದರಲ್ಲಿ ಎರಡು ಕಡೆ ಭಾರತದ ಗಿಡಗಳು ಬರುತ್ತವೆ. ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ರೆಸರ್ಪೀನ್ ಎಂಬ ವಸ್ತುವನ್ನು ಪ್ರತ್ಯೇಕಿಸಿದರು; ಅದು ರಕ್ತದೊತ್ತಡಕ್ಕೂ ಮನೋರೋಗಕ್ಕೂ ಮದ್ದಾಯಿತು. 1957ರ ಸುಮಾರಿಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಅಲುಗಾಡದೆ ಕುಳಿತವು. ಲೆವೊಡೋಪ ಚುಚ್ಚಿದೊಡನೆ ಎದ್ದು ಓಡಾಡಿದವು. ಡೋಪಮೀನ್ ರಕ್ತದಿಂದ ಮಿದುಳಿನೊಳಕ್ಕೆ ಹೋಗಲಾರದು. ಅದರ ಪೂರ್ವರೂಪವಾದ ಲೆವೊಡೋಪ ಹೋಗಬಲ್ಲದು. ಕಾರ್ಲ್ಸನ್ನರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಡೋಪಮೀನ್ ಬತ್ತಿಹೋಗಿರುವುದನ್ನು ತೋರಿಸಿದರು. ಮರುವರ್ಷವೇ ಅಲ್ಲಿನ ರೋಗಿಗಳಿಗೆ ಲೆವೊಡೋಪ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದರು. ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ, ಹಂತಹಂತವಾಗಿ ಕೊಡುವ ಕ್ರಮವನ್ನು 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಸಿಯಾಸ್ ಸಾಧಿಸಿದರು. ವಾಂತಿಯ ಉಪದ್ರವ ತಪ್ಪಿಸಲು ಅದರೊಂದಿಗೆ ಕಾರ್ಬಿಡೋಪ ಸೇರಿಸಿದ್ದು ಎಪ್ಪತ್ತರ ದಶಕದಲ್ಲಿ. ಇಂದಿಗೂ ಮುಖ್ಯ ಮದ್ದು ಈ ಜೋಡಿಯೇ. ಮಿದುಳಿನಲ್ಲಿ ವಿದ್ಯುತ್ ತಂತಿ ಇರಿಸುವ ಶಸ್ತ್ರಚಿಕಿತ್ಸೆಯನ್ನು 1987ರಲ್ಲಿ ಫ್ರಾನ್ಸಿನ ಬೆನಾಬಿಡ್ ಆರಂಭಿಸಿದರು. ಅದು ಆಯ್ದ ಕೆಲವರಿಗಷ್ಟೇ ಒಪ್ಪುತ್ತದೆ, ದುಬಾರಿಯೂ ಹೌದು.

ಎರಡನೆಯ ಗಿಡ ಬೇಲಿಯಲ್ಲಿ ಬೆಳೆಯುವ ನಸುಗುನ್ನಿ. ಅದರ ಕಾಯಿಯ ಮೇಲಿನ ರೋಮ ತಗುಲಿದರೆ ಮೈಯೆಲ್ಲ ತುರಿಕೆ ಎಂಬುದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಆಯುರ್ವೇದದಲ್ಲಿ ಆತ್ಮಗುಪ್ತಾ, ಕಪಿಕಚ್ಛು ಎಂಬ ಹೆಸರುಗಳಿಂದ ಬಳಕೆಯಲ್ಲಿರುವ ಇದರ ಬೀಜದಲ್ಲಿ ಲೆವೊಡೋಪ ಇದೆಯೆಂದು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದು ಪಾರ್ಕಿನ್ಸನ್ ಕಾಯಿಲೆಗೆ ಮದ್ದೆಂದು ಜಗತ್ತಿಗೆ ತಿಳಿಯುವುದಕ್ಕೆ ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಲವಿತ್ತು. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಬೀಜದ ಪುಡಿ ಮಾತ್ರೆಗಿಂತ ಬೇಗ ಕೆಲಸ ಮಾಡಿತು. ಇದನ್ನು ಕೇಳಿದವರಿಗೆ ಮಾತ್ರೆ ಬಿಟ್ಟು ಪುಡಿ ಹಿಡಿಯುವ ಆಸೆ ಹುಟ್ಟುವುದು ಸಹಜ. ಆದರೆ ಅಂಗಡಿಯ ಪುಡಿಯಲ್ಲಿ ಮದ್ದಿನ ಅಂಶ ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ; ಮಾತ್ರೆಯ ಜೊತೆಗೇ ಅದನ್ನೂ ತೆಗೆದುಕೊಂಡರೆ ಪ್ರಮಾಣ ಎರಡರಷ್ಟಾಗುತ್ತದೆ. ವೈದ್ಯರಿಗೆ ಹೇಳದೆ ಬಳಸುವುದಂತೂ ಅಪಾಯ.

ಲೆವೊಡೋಪ ರೋಗವನ್ನು ವಾಸಿಮಾಡುವುದಿಲ್ಲ. ಕೆಲವು ಗಂಟೆಗಳ ಚಲನೆಯನ್ನು ಸಾಲ ಕೊಡುತ್ತದೆ. ಮೊದಲ ವರ್ಷಗಳಲ್ಲಿ ದಿನಕ್ಕೆ ಮೂರು ಮಾತ್ರೆ ಸಾಕು, ಹೊತ್ತು ಕೊಂಚ ಆಚೀಚೆಯಾದರೂ ತಿಳಿಯುವುದಿಲ್ಲ. ಕಾಲ ಕಳೆದಂತೆ ಒಂದು ಮಾತ್ರೆಯ ಫಲ ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ. ಫಲವಿರುವ ಹೊತ್ತನ್ನು 'ಆನ್' ಎಂದೂ ಇಲ್ಲದ ಹೊತ್ತನ್ನು 'ಆಫ್' ಎಂದೂ ರೋಗಿಗಳೇ ಕರೆಯುತ್ತಾರೆ. ಹಟ ಎಂದು ಮನೆಯವರು ತಿಳಿದದ್ದು ಬಹುಪಾಲು ಈ 'ಆಫ್' ಹೊತ್ತು. ಸ್ನಾನ, ಬಟ್ಟೆ, ಊಟ, ವ್ಯಾಯಾಮ, ಬ್ಯಾಂಕಿನ ಕೆಲಸ ಎಲ್ಲವನ್ನೂ 'ಆನ್' ಹೊತ್ತಿಗೆ ಹೊಂದಿಸಿಕೊಂಡರೆ ಅರ್ಧ ಜಗಳ ನಿಲ್ಲುತ್ತದೆ. ಒಂದು ನೋಟುಬುಕ್ಕಿನಲ್ಲಿ ಮಾತ್ರೆ ನುಂಗಿದ ಹೊತ್ತು, ಅದು ಹತ್ತಿದ ಹೊತ್ತು, ಇಳಿದ ಹೊತ್ತು ಬರೆದಿಟ್ಟರೆ ಐದು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇಲ್ಲ. 'ಆನ್' ಹೊತ್ತಿನಲ್ಲಿ ಕೈಕಾಲು, ಕತ್ತು ಬಳುಕುತ್ತ ಕುಣಿಯುವಂತಾದರೆ ಅದು ರೋಗವಲ್ಲ, ಮದ್ದಿನ ಪರಿಣಾಮ. ಅದನ್ನೂ ಬರೆದಿಡಬೇಕು.

ಈ ಮಾತ್ರೆಗೆ ಇನ್ನೊಂದು ಗುಣವಿದೆ. ಆಹಾರದ ಪ್ರೋಟೀನು ಜೀರ್ಣವಾದಾಗ ಬರುವ ಅಂಶಗಳೂ ಲೆವೊಡೋಪವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ಬಾಗಿಲಿನಲ್ಲಿ. ಎರಡೂ ಒಟ್ಟಿಗೆ ಬಂದರೆ ನೂಕುನುಗ್ಗಲು. ಹಾಗಾಗಿ ಹಾಲು ಬೆರೆಸಿದ ಕಾಫಿಯೊಂದಿಗೆ ಮಾತ್ರೆ ನುಂಗುವ, ತೊವ್ವೆ, ಮೊಟ್ಟೆ, ಮೊಸರನ್ನದ ಊಟ ಮುಗಿಸಿ ಮಾತ್ರೆ ನೆನಪಿಸಿಕೊಳ್ಳುವ ಅಭ್ಯಾಸ ಮದ್ದನ್ನು ಅರ್ಧಕ್ಕರ್ಧ ವ್ಯರ್ಥಮಾಡಬಹುದು. ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು, ಇಲ್ಲವೇ ಒಂದು ಗಂಟೆಯ ಮೇಲೆ, ಬರಿಯ ನೀರಿನಲ್ಲಿ ನುಂಗುವುದು ಸರಿ. ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತು ಸಾಕು. ಹೀಗೆಂದು ಬೇಳೆ, ಹಾಲುಗಳನ್ನೇ ಬಿಡಿಸಿದರೆ ಮೊದಲೇ ಸೊರಗುವ ದೇಹ ಇನ್ನಷ್ಟು ಸೊರಗುತ್ತದೆ. ಅವುಗಳ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ತಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಕಬ್ಬಿಣಾಂಶದ ಮಾತ್ರೆಯನ್ನೂ ಇದರ ಜೊತೆಯಲ್ಲಿ ನುಂಗಬಾರದು. ಮಲಬದ್ಧತೆ ಈ ಕಾಯಿಲೆಯ ಹಳೆಯ ಸಂಗಾತಿ, ಎಷ್ಟೋ ಬಾರಿ ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರುತ್ತದೆ. ಅದು ಹೆಚ್ಚಿದ ದಿನ ಮಾತ್ರೆಯೂ ಸರಿಯಾಗಿ ಹತ್ತುವುದಿಲ್ಲ. ನೀರು, ಸೊಪ್ಪು, ನಾರಿನ ಹಣ್ಣು ಮದ್ದಿನಷ್ಟೇ ಮುಖ್ಯವಾಗುವುದು ಈ ಕಾರಣಕ್ಕೆ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳಲ್ಲಿ ಮಾತ್ರೆಯನ್ನೂ ಬಿಡುವವರಿದ್ದಾರೆ. ಲೆವೊಡೋಪವನ್ನು ಒಮ್ಮೆಗೇ ನಿಲ್ಲಿಸಿದರೆ ಮೈ ಮರದಂತೆ ಬಿಗಿದು, ಜ್ವರ ಏರಿ, ಜೀವಕ್ಕೇ ಅಪಾಯವಾಗಬಹುದು. ಬೇರೆ ಕಾಯಿಲೆಗೆಂದು ಆಸ್ಪತ್ರೆಗೆ ಸೇರಿಸಿದಾಗಲೂ ಇದೇ ತೊಂದರೆ. ವಾರ್ಡಿನಲ್ಲಿ ಮಾತ್ರೆ ಹಂಚುವ ಹೊತ್ತು ಬೇರೆ, ರೋಗಿಯ ಹೊತ್ತು ಬೇರೆ. ಅಲ್ಲಿ ಜೊತೆಗಿರುವವರು ಗಡಿಯಾರ ಹಿಡಿದು ಕೂರಬೇಕು, ಸಂಕೋಚ ಬೇಡ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗಾಬರಿ ಅಥವಾ ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್, ತಲೆಸುತ್ತಿಗೆ ಔಷಧದಂಗಡಿಯಲ್ಲಿ ಸುಲಭವಾಗಿ ದೊರೆಯುವ ಸಿನ್ನರಿಜಿನ್ ಇವು ಡೋಪಮೀನಿನ ಕೆಲಸಕ್ಕೇ ಅಡ್ಡಬರುತ್ತವೆ. ಇವುಗಳಿಂದಲೇ ಪಾರ್ಕಿನ್ಸನ್ನಿನಂಥ ಲಕ್ಷಣ ಹುಟ್ಟುವುದೂ ಉಂಟು. ಆಗ ಅವನ್ನು ನಿಲ್ಲಿಸಿದರೆ ತಿಂಗಳುಗಳಲ್ಲಿ ಲಕ್ಷಣ ಇಳಿಯಬಹುದು. ಈ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಕಡತದ ಮೇಲೆ ಅಂಟಿಸಿಡುವುದು ಜಾಣತನ.

ನುಂಗುವುದೂ ರೂಢಿಯ ಕೆಲಸವೇ, ಆದ್ದರಿಂದ ಅದೂ ಕೆಡುತ್ತದೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಇದು ನೇರವಾಗಿ ರಾಗಿಮುದ್ದೆಗೆ ಬಂದು ತಟ್ಟುತ್ತದೆ. ಮುದ್ದೆಯನ್ನು ಅಗಿಯುವಂತಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು ಎಂಬುದು ಅಲ್ಲಿನ ಕ್ರಮ. ಗಂಟಲಿನ ಚಲನೆ ನಿಧಾನವಾದವರಿಗೆ ಆ ತುತ್ತು ಅಡ್ಡ ನಿಲ್ಲಬಹುದು; ತೆಳುವಾದ ಸಾರು ಶ್ವಾಸನಾಳಕ್ಕೆ ಇಳಿಯಬಹುದು. ಊಟದ ನಡುವೆ ಕೆಮ್ಮು, ಊಟವಾದ ಮೇಲೆ ಗೊರಗೊರ ದನಿ, ಕಾರಣವಿಲ್ಲದ ಜ್ವರ ಇವು ಎಚ್ಚರಿಕೆಯ ಗಂಟೆ. ಈ ರೋಗಿಗಳ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ನಡುಕವಲ್ಲ, ಶ್ವಾಸಕೋಶದ ಸೋಂಕು. ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ತಗ್ಗಿಸಿ, ಚಿಕ್ಕ ತುತ್ತು ಕೊಟ್ಟು, ಒಂದು ಇಳಿದ ಮೇಲೆ ಇನ್ನೊಂದು ಎಂಬ ನಿಯಮ ಹೆಚ್ಚಿನವರಿಗೆ ನೆರವಾಗುತ್ತದೆ. ಮುದ್ದೆಯ ಬದಲು ದಪ್ಪನೆಯ ರಾಗಿ ಅಂಬಲಿ ಆದೀತು. ಯಾರಿಗೆ ಎಷ್ಟು ದಪ್ಪ ಬೇಕು ಎಂಬುದನ್ನು ಮಾತು ಮತ್ತು ನುಂಗುವಿಕೆಯ ತಜ್ಞರು ಪರೀಕ್ಷಿಸಿ ಹೇಳುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಇಂಥವರು ಇದ್ದಾರೆ.

ಧ್ವನಿಯೂ ಹೀಗೆಯೇ ತಗ್ಗುತ್ತದೆ. ವಿಚಿತ್ರವೆಂದರೆ ರೋಗಿಗೆ ತನ್ನ ದನಿ ತಗ್ಗಿರುವುದು ತಿಳಿಯುವುದಿಲ್ಲ, ಕೇಳುವವರಿಗೆ ಕಿವಿ ಮಂದ ಎಂದುಕೊಳ್ಳುತ್ತಾರೆ. ಇದಕ್ಕೆ ಅಮೆರಿಕದಲ್ಲಿ ರೂಪಿಸಿದ ತರಬೇತಿಯ ಸಾರ ಒಂದೇ ಮಾತು: ಜೋರಾಗಿ. ದಿನಪತ್ರಿಕೆಯ ಒಂದು ಕಾಲಮನ್ನು ಮೊಮ್ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ ಓದುವುದು, ಬರುವವರಾದರೆ ಗಮಕ ವಾಚನ ಮಾಡುವುದು ಮನೆಯಲ್ಲೇ ಆಗುವ ಅಭ್ಯಾಸ. ಮಾತಿಗೆ ಕಾಯುವುದು ಮಾತ್ರ ಎದುರಿನವರ ಪಾಲಿನ ಕೆಲಸ. ವಾಕ್ಯ ಅರ್ಧದಲ್ಲಿದ್ದಾಗ ಪ್ರೀತಿಯಿಂದಲೇ ಅದನ್ನು ಪೂರ್ತಿ ಮಾಡಿಕೊಡುವ ಮನೆಗಳಲ್ಲಿ ರೋಗಿ ಕ್ರಮೇಣ ಮಾತನ್ನೇ ಬಿಡುತ್ತಾರೆ. ಬಟ್ಟೆಯ ವಿಷಯವೂ ಅಷ್ಟೇ. ಸಮಯ ಉಳಿಯುತ್ತದೆಂದು ಗುಂಡಿ ಹಾಕಿಕೊಟ್ಟರೆ ಕೆಲವೇ ತಿಂಗಳಲ್ಲಿ ಆ ಕೈಗೆ ಗುಂಡಿ ಮರೆಯುತ್ತದೆ. ಗುಂಡಿಯ ಬದಲು ಅಂಟುಪಟ್ಟಿ, ಲಾಡಿಯ ಬದಲು ಇಲಾಸ್ಟಿಕ್, ಅರ್ಧವೇ ತುಂಬಿದ ಭಾರದ ಲೋಟ, ಬಚ್ಚಲಲ್ಲಿ ಕೂರಲು ಅಲುಗದ ಸ್ಟೂಲು, ಗೋಡೆಗೆ ಗಟ್ಟಿಯಾಗಿ ಬಿಗಿದ ಹಿಡಿಕೆ, ತಗ್ಗಿನ ಕಕ್ಕಸಿನ ಬದಲು ಎತ್ತರದ್ದು: ಇಷ್ಟಿದ್ದರೆ ತಾವೇ ಮಾಡಿಕೊಳ್ಳುವ ಕೆಲಸ ವರ್ಷಗಟ್ಟಲೆ ಉಳಿಯುತ್ತದೆ.

ರಾತ್ರಿಯ ಕಷ್ಟ ಬೇರೆಯೇ. ಮಗ್ಗುಲು ಬದಲಿಸಲಾಗದೆ ಒಂದೇ ಭಂಗಿಯಲ್ಲಿ ಬೆಳಗಿನವರೆಗೆ ಮಲಗಿರುವವರಿದ್ದಾರೆ. ಸೊಂಟದ ಭಾಗಕ್ಕೆ ನುಣುಪಾದ ಸ್ಯಾಟಿನ್ ಬಟ್ಟೆಯೊಂದನ್ನು, ಹಳೆಯ ರೇಷ್ಮೆ ಸೀರೆಯೂ ಆದೀತು, ಅಡ್ಡಲಾಗಿ ಹಾಸಿ ಅಂಚನ್ನು ಹಾಸಿಗೆಯ ಅಡಿಗೆ ಬಿಗಿದರೆ ಹೊರಳುವುದು ಸುಲಭವಾಗುತ್ತದೆ. ಎದ್ದೊಡನೆ ನಿಂತರೆ ರಕ್ತದೊತ್ತಡ ಕುಸಿದು ತಲೆಸುತ್ತುತ್ತದೆ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತೇ ಏಳಬೇಕು. ಕನಸಿನಲ್ಲಿ ಕೂಗುವುದು, ಕೈಕಾಲು ಬಡಿಯುವುದು ಇದೇ ಕಾಯಿಲೆಯ ಅಂಗ. ಕೆಲವರಿಗೆ ಇಲ್ಲದ ಮಕ್ಕಳು, ಬೆಕ್ಕು, ತೀರಿಹೋದ ಬಂಧುಗಳು ಕೋಣೆಯಲ್ಲಿ ಕಾಣುತ್ತಾರೆ. ಮನೆಯವರು ಇದನ್ನು ಗಾಳಿಯ ಕಾಟವೆಂದು ತಿಳಿದು ತಾಯತ ಕಟ್ಟಿಸಲು ಓಡಾಡುವುದಕ್ಕಿಂತ ವೈದ್ಯರಿಗೆ ಹೇಳಿದರೆ ಮದ್ದಿನ ಪ್ರಮಾಣ ತಿದ್ದಿ ಸರಿಪಡಿಸುವ ಸಾಧ್ಯತೆ ಹೆಚ್ಚು. ಡೋಪಮೀನಿನಂತೆ ವರ್ತಿಸುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳಿಂದ ಕೆಲವರಿಗೆ ಇಸ್ಪೀಟು, ಲಾಟರಿ, ಮಿತಿಮೀರಿದ ಖರೀದಿ, ಕಾಮದ ಚಪಲ ಹತ್ತಿಕೊಳ್ಳುವುದುಂಟು. ಬಾಳೆಲ್ಲ ಶಿಸ್ತಿನಿಂದಿದ್ದ ಹಿರಿಯರು ಹೀಗಾದಾಗ ಮಾನಕ್ಕಂಜಿ ಮುಚ್ಚಿಡುತ್ತಾರೆ. ಇದು ಶೀಲದ ಪ್ರಶ್ನೆಯಲ್ಲ, ಮಾತ್ರೆಯದು. ವೈದ್ಯರು ಅದನ್ನು ಕ್ರಮವಾಗಿ ಇಳಿಸಿದಂತೆ ಸಾಮಾನ್ಯವಾಗಿ ಚಪಲವೂ ಇಳಿಯುತ್ತದೆ.

ಈ ಎಲ್ಲದರ ಭಾರ ಯಾರ ಮೇಲೆ? ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೆಂಡತಿ, ಇಲ್ಲವೇ ಸೊಸೆ, ಮಗಳು. ಹೆಂಡತಿಗೂ ಅರವತ್ತೈದು, ಮಂಡಿನೋವು ಇರುತ್ತದೆ. ಗಂಡನನ್ನು ಎತ್ತಿ ಕೂರಿಸುತ್ತಲೇ ಆಕೆಯ ಬೆನ್ನು ಹೋಗುತ್ತದೆ. ರಾತ್ರಿ ನಾಲ್ಕು ಬಾರಿ ಏಳುವ ಆಕೆಯ ನಿದ್ದೆಯ ಲೆಕ್ಕವನ್ನು ಯಾವ ವೈದ್ಯರೂ ಬರೆದುಕೊಳ್ಳುವುದಿಲ್ಲ. ಬಂದ ನೆಂಟರು ರೋಗಿಯ ಆರೋಗ್ಯ ವಿಚಾರಿಸಿ, ಒಂದು ಮದ್ದಿನ ಹೆಸರು ಹೇಳಿ ಹೊರಡುತ್ತಾರೆ. ಅದರ ಬದಲು, "ಅತ್ತಿಗೆ, ಎರಡು ಗಂಟೆ ನಾನು ಅಣ್ಣನ ಹತ್ತಿರ ಕೂತಿರುತ್ತೇನೆ, ನೀವು ಮಲಗಿ" ಎಂದು ಹೇಳಿ, ಮಾತ್ರೆಯ ಹೊತ್ತು ಕೇಳಿಕೊಂಡು ಕೂರುವವರು ಸಿಕ್ಕರೆ ಅದೇ ದೊಡ್ಡ ಉಪಕಾರ. ಖಿನ್ನತೆ ರೋಗಿಗೂ ಬರುತ್ತದೆ, ನೋಡಿಕೊಳ್ಳುವವರಿಗೂ ಬರುತ್ತದೆ; ಇಬ್ಬರದಕ್ಕೂ ಚಿಕಿತ್ಸೆ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರ ಪಡೆಯಲು ಅವಕಾಶವಿದೆ ಎಂಬುದು ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲ. ಕಾಗದಪತ್ರದ ವಿಷಯದಲ್ಲಿ ಇನ್ನೊಂದು ತೊಡಕು ಎಲ್ಲರ ಗಮನಕ್ಕೂ ತಡವಾಗಿ ಬರುತ್ತದೆ. ಈ ರೋಗಿಗಳ ಕೈಬರಹ ಸಾಲು ಮುಂದುವರಿದಂತೆ ಇರುವೆಯಷ್ಟು ಚಿಕ್ಕದಾಗುತ್ತ ಹೋಗುತ್ತದೆ. ಮೂವತ್ತು ವರ್ಷ ಹಾಕಿದ ಸಹಿ ಬ್ಯಾಂಕಿನ ಪುಸ್ತಕದಲ್ಲಿರುವ ಸಹಿಗೆ ಹೊಂದದೆ ಒಂದು ದಿನ ಚೆಕ್ಕು ಹಿಂದಿರುಗುತ್ತದೆ. ಪಿಂಚಣಿ ಖಾತೆಯನ್ನು ಕಾಯಿಲೆಯ ಆರಂಭದಲ್ಲೇ ಪತಿಪತ್ನಿಯರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಬದಲಿಸಿ, ಹೊಸ ಸಹಿಯನ್ನು ಅಲ್ಲಿ ಕೊಟ್ಟಿರುವುದು ಲೇಸು. ಬ್ಯಾಂಕಿಗೆ ಹೋಗುವ ದಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆಯಾದ ಮೇಲೆ ಹೊರಟರೆ ಕೌಂಟರಿನ ಮುಂದೆ ಕೈ ಓಡುತ್ತದೆ. ಗೆರೆ ಎಳೆದ ಕಾಗದದ ಮೇಲೆ, ಹಿಂದೆ ನಿಂತವರು ಅವಸರಪಡಿಸದಿದ್ದರೆ, ಅಕ್ಷರವೂ ದೊಡ್ಡದಾಗಿಯೇ ಬರುತ್ತದೆ.